ಕೆಂಡದ ಬಣ್ಣದ ಮೀಟರು

ಯಲಹಂಕದ ಹಳೇ ಬಡಾವಣೆಯಿಂದ ಅಲ್ಲಾಳಸಂದ್ರದ ಕೆರೆಯವರೆಗೆ, ಹೆಂಗಸರಿಗೆ ಕಾರು ಕಲಿಸುವವರು ಯಾರೆಂದು ಕೇಳಿದರೆ ಜನ ಪಂಕಜಾ ಮೇಡಂ ಮನೆ ತೋರಿಸುತ್ತಾರೆ. ಐವತ್ತು ದಾಟಿದ ಎತ್ತರದ ಹೆಂಗಸು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಕ್ಯಾನ್ವಾಸ್ ಶೂ. ಟೆಲಿಫೋನು ತಯಾರಿಸುವ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಬೋರ್ಡುಗಳಿಗೆ ಬೆಸುಗೆ ಹಾಕಿದವರು. ಕಾರ್ಖಾನೆ ಮುಚ್ಚಿದಾಗ ಜೊತೆಯವರಲ್ಲಿ ಕೆಲವರು ಅತ್ತರು, ಕೆಲವರು ಹೊಲಿಗೆಗೆ ಕೂತರು. ಪಂಕಜಾ ಡ್ರೈವಿಂಗ್ ಕಲಿತರು. ಕಲಿಸಿದವನು ತಿರುವಿಗೊಮ್ಮೆ ಬೈಯುತ್ತಿದ್ದ. ಲೈಸೆನ್ಸು ಕೈಗೆ ಬಂದ ದಿನ ಅವರು ಮನೆಗೆ ಬಂದು ಗಂಡ ನಿರಂಜನರಿಗೆ ಹೇಳಿದ್ದು ಒಂದೇ ಮಾತು: "ಇದನ್ನ ಬೈಯ್ದೇನೂ ಕಲಿಸ್ಬಹುದು ಕಣ್ರೀ. ನಾನೇ ಕಲಿಸ್ತೀನಿ."

ಬೇಕಾದ ಪರವಾನಗಿ ಪಡೆದು, ಹಳೆಯ ಸಣ್ಣ ಕಾರೊಂದನ್ನು ಕೊಂಡು, ತಮ್ಮ ಕಾಲ ಬಳಿಯೂ ಒಂದು ಬ್ರೇಕು ಹಾಕಿಸಿಕೊಂಡು ಕಲಿಸತೊಡಗಿದರು. ಆ ಕಾರು ಮೊದಲು ಯಾರೋ ಶೋಕಿಯವನ ಕೈಯಲ್ಲಿತ್ತು. ಮೀಟರಿನ ಒಳಗೆ ಅವನು ನೀಲಿ ಎಲ್‌ಇಡಿ ಹಾಕಿಸಿದ್ದ. ಹೆಡ್‌ಲೈಟ್ ಹಾಕಿದೊಡನೆ ಸ್ಟೀರಿಂಗ್ ಹಿಂದಿನ ಅಂಕಿಗಳೆಲ್ಲ ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಉರಿಯುತ್ತಿದ್ದವು. ಪಂಕಜಾ ಅದರ ಕಡೆ ಗಮನ ಕೊಟ್ಟಿರಲಿಲ್ಲ. ಪಾಠಗಳೆಲ್ಲ ಹಗಲಲ್ಲೇ ನಡೆಯುತ್ತಿದ್ದವು.

ರಾಜಾನುಕುಂಟೆಯ ಗೋಪಾಲಮ್ಮ ಕಲಿಯಲು ಬಂದ ಮೇಲೆ ಅದು ಬದಲಾಯಿತು. ಗೋಪಾಲಮ್ಮನವರದು ಗುಲಾಬಿ, ಸೇವಂತಿಗೆ ತೋಟ. ಹೂವನ್ನು ಯಲಹಂಕದ ಅಂಗಡಿಗಳಿಗೆ ಹಾಕುತ್ತಿದ್ದರು. ಮನೆಯಲ್ಲೊಂದು ವ್ಯಾನಿತ್ತು, ಓಡಿಸಲು ಮಗ ಸುಬ್ರಮಣಿಯಿದ್ದ. ಆದರೆ ಅವನು ಏಳುವ ಹೊತ್ತಿಗೆ ಹೂವು ಅರ್ಧ ಬಾಡಿರುತ್ತಿತ್ತು. "ಅವ್ನ ಎಬ್ಬಿಸಿ ಎಬ್ಬಿಸಿ ನನ್ ಗಂಟ್ಲು ಓಯ್ತು ಮೇಡಂ. ನಾನೇ ಕಲೀತೀನಿ, ಏಳ್ಕೊಡಿ" ಎಂದರು. ಬೆಳಕು ಹರಿಯುತ್ತಲೇ ಹೂವು ಬಿಡಿಸಬೇಕಾದ್ದರಿಂದ ಅವರ ಪಾಠ ಅದಕ್ಕೂ ಮುಂಚೆ, ಕತ್ತಲಲ್ಲೇ ಶುರುವಾಗುತ್ತಿತ್ತು.

ಕ್ಲಚ್ಚು, ಗೇರು ಗೋಪಾಲಮ್ಮನಿಗೆ ಬೇಗ ಒಲಿದವು. ಆದರೆ "ಎಷ್ಟರಲ್ಲಿ ಹೋಗ್ತಿದ್ದೀರಿ ನೋಡಿ" ಎಂದರೆ ಸಾಕು, ಮೂಗು ಸ್ಟೀರಿಂಗಿಗೆ ತಾಗುವಷ್ಟು ಬಗ್ಗುತ್ತಿದ್ದರು. ಅಷ್ಟರಲ್ಲಿ ಕಾರು ರಸ್ತೆಯಂಚಿಗೆ ವಾಲುತ್ತಿತ್ತು.

"ಬಗ್ಗಬೇಡಿ ಗೋಪಾಲಮ್ಮ. ಕಣ್ಣಷ್ಟೇ ಕೆಳಗೆ ಹೋಗಿ ಬರಬೇಕು."

"ಅಂಗೇ ಮಾಡ್ತೀನಿ ಮೇಡಂ, ಕಾಣಾಕಿಲ್ಲ. ಅಂಕಿ ಎಲ್ಲಾ ನೀರ್ನಾಗೆ ಅದ್ದಿದಂಗೆ ಐತೆ."

ಕಣ್ಣಿನ ಡಾಕ್ಟರ ಬಳಿ ಕಳಿಸಿದರು. ಕನ್ನಡಕ ಸರಿಯಾಗಿದೆ, ಗಾಡಿ ಕಲಿಯಲು ಅಡ್ಡಿಯಿಲ್ಲ ಎಂದರು ಡಾಕ್ಟರು. ಆದರೂ ಮೀಟರು ಕಾಣಲಿಲ್ಲ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಬಿಟ್ಟುಬಿಡು ಎಂದು ಸುಬ್ರಮಣಿ ದಿನಾ ಹೇಳತೊಡಗಿದ. ಒಂದು ಬೆಳಗಿನ ಜಾವ ಗೋಪಾಲಮ್ಮ ಕಾರು ಪಕ್ಕಕ್ಕೆ ನಿಲ್ಲಿಸಿ, "ಅವ್ನು ಏಳಾದೂ ದಿಟವೇನೋ ಮೇಡಂ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಪಂಕಜಾ ಸಮಾಧಾನ ಹೇಳಲು ಹೋಗಲಿಲ್ಲ. "ಇಳೀರಿ, ಆ ಸೀಟಲ್ಲಿ ನಾನ್ ಕೂತ್ ನೋಡ್ತೀನಿ" ಎಂದರು. ಕೂತು, ಎಂದೂ ನೋಡದ ಹಾಗೆ ಮೀಟರನ್ನು ದಿಟ್ಟಿಸಿದರು. ಅಂಕಿಗಳ ಸುತ್ತ ನೀಲಿ ಮಂಜು ಕವಿದಿತ್ತು. ಮೂರು ಯಾವುದು, ಎಂಟು ಯಾವುದು ಎಂದು ಅವರಿಗೂ ಗೊತ್ತಾಗಲಿಲ್ಲ. ತಾವು ಇಷ್ಟು ದಿನ ಇಂಜಿನ್ನಿನ ಸದ್ದು ಕೇಳಿ ವೇಗ ಅಂದಾಜು ಮಾಡುತ್ತಿದ್ದರೇ ಹೊರತು ಕತ್ತಲಲ್ಲಿ ಮೀಟರು ನೋಡಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಹೆಡ್‌ಲೈಟ್ ಆರಿಸಿ, ಮೊಬೈಲಿನ ಟಾರ್ಚು ಬಿಟ್ಟು, "ಈಗ ಓದಿ" ಎಂದರು. ಗೋಪಾಲಮ್ಮ ಕಿಟಕಿಯ ಹೊರಗೆ ನಿಂತೇ ಸೊನ್ನೆಯಿಂದ ಕೊನೆಯವರೆಗೆ ತಡವರಿಸದೆ ಓದಿದರು.

"ನಿಮ್ ಕಣ್ಣು ಚೆನ್ನಾಗಿದೆ ಕಣ್ರೀ. ಸರಿ ಇಲ್ದಿರೋದು ನನ್ ಕಾರು."

ಯಲಹಂಕದಲ್ಲಿ ಕಾರಿನ ವೈರಿಂಗ್ ಕೆಲಸ ಮಾಡುವ ಫೈಜಾನ್ ಅವರಿಗೆ ಪಂಕಜಾ ಹಳೆಯ ಪರಿಚಯ. ಅವರ ಅಂಗಡಿಗೆ ಗೋಪಾಲಮ್ಮನನ್ನೂ ಕರೆದುಕೊಂಡು ಹೋದರು. ಫೈಜಾನ್ ಷಟರು ಅರ್ಧ ಎಳೆದು ಒಳಗೆ ಕತ್ತಲು ಮಾಡಿ, ಬಿಳಿ, ಹಸಿರು, ಕೆಂಪು, ಕಿತ್ತಳೆ ಎಲ್‌ಇಡಿಗಳನ್ನು ಒಂದೊಂದಾಗಿ ಒಂದು ಹಳೆಯ ಮೀಟರಿನ ಹಿಂದೆ ಹಿಡಿದು ತೋರಿಸಿದರು. ಬಿಳಿಗೆ ಗೋಪಾಲಮ್ಮ ಕಣ್ಣು ಕಿರಿದು ಮಾಡಿದರು. ಕಿತ್ತಳೆ ಹತ್ತಿದಾಗ ಮುಖ ಅರಳಿತು.

"ಇದೇ ಇರ್ಲಿ. ಒಲೆ ಕೆಂಡದಂಗೆ ಐತೆ, ಕಣ್ಗೆ ಚುಚ್ಚಾಕಿಲ್ಲ."

"ಈ ಬಣ್ಣ ನನ್ನತ್ರ ಯಾರೂ ಕೇಳಲ್ಲ ಮೇಡಂ, ಎಲ್ಲರಿಗೂ ನೀಲಿನೇ ಬೇಕು" ಎಂದು ಫೈಜಾನ್ ನಕ್ಕರು. "ಬಿಟ್ಟೋಗಿ, ಮಾಡಿಡ್ತೀನಿ."

"ಬೆಸುಗೆ ನಾನೇ ಹಾಕ್ತೀನಿ. ಕೈ ಇನ್ನೂ ಮರ್ತಿಲ್ಲ."

ಫೈಜಾನ್ ಒಮ್ಮೆ ಅವರ ಕೈ ನೋಡಿ ಒಪ್ಪಿದರು. ಎರಡು ಎಚ್ಚರಿಕೆ ಮಾತ್ರ ಹೇಳಿದರು. ಆಯಿಲ್ಲು, ಬ್ಯಾಟರಿಯ ಕೆಂಪು ದೀಪಗಳನ್ನೂ ಇಂಡಿಕೇಟರಿನ ಹಸಿರನ್ನೂ ಮುಟ್ಟಬಾರದು. ಅವು ಇರುವ ಬಣ್ಣದಲ್ಲೇ ಇರಬೇಕು. ಮತ್ತೆ, ವೇಗ ತೋರಿಸುವ ಮುಳ್ಳು ಕೀಳುವ ಮುಂಚೆ ಅದು ನಿಂತ ಜಾಗಕ್ಕೆ ಗುರುತು ಹಾಕಿಕೊಳ್ಳಬೇಕು.

ಭಾನುವಾರ ಮಧ್ಯಾಹ್ನ ಪಂಕಜಾ ಬ್ಯಾಟರಿ ಬಿಚ್ಚಿ, ಮೀಟರನ್ನು ಹೊರತೆಗೆದು ಊಟದ ಮೇಜಿನ ಮೇಲೆ ಹರಡಿದರು. ನಿರಂಜನ ಪಕ್ಕದಲ್ಲಿ ಕೂತು ಸ್ಕ್ರೂಗಳನ್ನು ಬಟ್ಟಲಲ್ಲಿ ಜೋಪಾನ ಮಾಡಿದರು. ಮುಳ್ಳು ಕಿತ್ತು, ಅಂಕಿಗಳ ಹಾಳೆ ಎತ್ತಿದಾಗ ಕೆಳಗೆ ಅಕ್ಕಿಕಾಳಿಗಿಂತ ಸಣ್ಣ ದೀಪಗಳು ಕಂಡವು. ಬೆಸುಗೆ ಕಡ್ಡಿ ಕಾದು ರಾಳದ ಹೊಗೆಯೆದ್ದಾಗ ಪಂಕಜಾಗೆ ಕಾರ್ಖಾನೆಯ ಉದ್ದ ಬೆಂಚೇ ಕಣ್ಣ ಮುಂದೆ ಬಂತು. ಒಂದೊಂದು ನೀಲಿಯನ್ನು ಎಬ್ಬಿಸಿ ಅದರ ಜಾಗದಲ್ಲಿ ಕಿತ್ತಳೆಯದನ್ನು ಕೂರಿಸಿದರು. ಸಂಜೆ ಎಲ್ಲ ಜೋಡಿಸಿ, ಮೀಟರನ್ನು ಕಾರಿನಲ್ಲಿ ಕೂರಿಸಿ ದೀಪ ಹಾಕಿದರೆ ಎರಡು ಕಡೆ ಕತ್ತಲು. ತಿರುಗಾಮುರುಗಾ ಕೂತ ದೀಪಗಳನ್ನು ಬಿಚ್ಚಿ ಸರಿಯಾಗಿ ಕೂರಿಸಿದ ಮೇಲೆ ಮೀಟರು ತುಂಬ ಕೆಂಡ ಹರಡಿದಂತಾಯಿತು.

"ಚೆನ್ನಾಗಿದೆ ಕಣೇ" ಎಂದರು ನಿರಂಜನ. ಎಂದೂ ಕಾರು ಓಡಿಸದ ಮನುಷ್ಯ, ಡ್ರೈವರ್ ಸೀಟಿನಲ್ಲಿ ಬಹಳ ಹೊತ್ತು ಕೂತಿದ್ದರು.

ಮರುದಿನ ಗೋಪಾಲಮ್ಮ ಬೆನ್ನು ನೆಟ್ಟಗೆ ಮಾಡಿ ಕೂತು ಗಾಡಿ ಬಿಟ್ಟರು. ಕೇಳುವ ಮೊದಲೇ ಅವರೇ ಕೂಗುತ್ತಿದ್ದರು: "ಅತ್ತು... ಇಪ್ಪತ್ತು..." ಪಂಕಜಾಗೆ ಆ ದನಿ ಕೇಳಿಯೇ ಖುಷಿ. ಆದರೆ ಮುಂದೆ ಹಂಪ್ ಕಾಣಿಸಿದಾಗ ಇಂಜಿನ್ನಿನ ಸದ್ದು ಅವರ ಕಿವಿಗೆ ಸರಿ ಬೀಳಲಿಲ್ಲ.

"ಎಷ್ಟಿದೆ?"

"ಇಪ್ಪತ್ತೇ ಮೇಡಂ!"

ಇದು ಇಪ್ಪತ್ತರ ಸದ್ದಲ್ಲ. ಪಂಕಜಾ ತಮ್ಮ ಕಡೆಯ ಬ್ರೇಕು ಒತ್ತಿದರು. ಕಾರು ಹಂಪಿನ ಮೇಲೆ ಎದ್ದು ಕುಕ್ಕರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

"ನಾನೇನ್ ತಪ್ ಮಾಡ್ದೆ?" ಗೋಪಾಲಮ್ಮನ ಮುಖ ಬಿಳಿಚಿತ್ತು.

"ನೀವ್ ಸರಿಯಾಗೇ ಓದಿದ್ರಿ. ಮುಳ್ಳನ್ನ ನಾನು ತಪ್ಪು ಕೂರಿಸಿದೀನಿ."

ಬೆಸುಗೆಯ ಹುರುಪಿನಲ್ಲಿ ಗುರುತು ಹಾಕುವುದನ್ನೇ ಮರೆತಿದ್ದರು. ಮುಳ್ಳು ಕೀಳುವಾಗ ಅದು ಕೂರುವ ಒಳಗಿನ ಕಡ್ಡಿ ಮುಂದಕ್ಕೆ ತಿರುಗಿತ್ತು. ಅದರ ಮೇಲೆಯೇ ಸೊನ್ನೆಗೆ ಹಿಡಿದು ಮುಳ್ಳು ಒತ್ತಿದ್ದರು. ಹಾಗಾಗಿ ಕಾರು ಎಷ್ಟೇ ಓಡಿದರೂ ಮೀಟರು ಕಡಿಮೆ ತೋರಿಸುತ್ತಿತ್ತು. ಪಂಕಜಾ ನೇರ ಫೈಜಾನ್ ಅಂಗಡಿಗೆ ಹೋಗಿ ಆದದ್ದನ್ನು ಹೇಳಿದರು. ಫೈಜಾನ್ ಕರೆಂಟು ಕೊಟ್ಟು, ಒಳಗಿನ ಕಡ್ಡಿ ತಾನಾಗಿ ಹಿಂದಕ್ಕೆ ಬಂದು ನಿಲ್ಲುವುದನ್ನು ತೋರಿಸಿ, "ಈಗ ಒತ್ತಿ" ಎಂದು ಮುಳ್ಳನ್ನು ಅವರ ಕೈಗೇ ಕೊಟ್ಟರು. ಆಮೇಲೆ ಹೆದ್ದಾರಿ ಪಕ್ಕದ ರಸ್ತೆಯಲ್ಲಿ ಓಡಿಸಿ, ಮೊಬೈಲು ಹೇಳುವ ವೇಗಕ್ಕೂ ಮುಳ್ಳು ಹೇಳುವುದಕ್ಕೂ ಹೊಂದಿಸಿ ನೋಡಿದರು. ಎರಡೂ ಒಂದೇ ಮಾತು ಹೇಳಿದ ಮೇಲೆಯೇ ಗೋಪಾಲಮ್ಮನನ್ನು ಮತ್ತೆ ಆ ಸೀಟಿನಲ್ಲಿ ಕೂರಿಸಿದ್ದು.

ಪರೀಕ್ಷೆಯ ದಿನ ಗೋಪಾಲಮ್ಮ ಹೊಸ ಸೀರೆಯುಟ್ಟು ಬಂದಿದ್ದರು. ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ಜಾರಲಿಲ್ಲ, ಎಂಟಿನ ಆಕಾರದಲ್ಲಿ ಎಲ್ಲೂ ಗೆರೆ ತುಳಿಯಲಿಲ್ಲ. ಪಾಸಾದರು. ಈಗ ವ್ಯಾನು ಅವರ ಕೈಯಲ್ಲಿದೆ. ಸುಬ್ರಮಣಿ ಹೂವಿನ ಕುಕ್ಕೆಗಳನ್ನು ತುಂಬಿಕೊಟ್ಟು ತೋಟಕ್ಕೆ ನೀರು ಬಿಡಲು ಹೋಗುತ್ತಾನೆ.

ಗೋಪಾಲಮ್ಮ ಹೇಳಿ ಕಳಿಸಿದವರು ಒಬ್ಬೊಬ್ಬರಾಗಿ ಬರತೊಡಗಿದ್ದಾರೆ, ಹೆಚ್ಚಿನವರು ಐವತ್ತು ದಾಟಿದವರು. ಪಂಕಜಾ ಯಾರನ್ನೂ ವಯಸ್ಸು ಕೇಳುವುದಿಲ್ಲ. ಮೊದಲ ದಿನ ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಸೀಟು ಹಿಂದೆ ಮುಂದೆ ಸರಿಸಿ, ಕನ್ನಡಿ ತಿರುಗಿಸಿ, "ನಿಮಗೆ ಎಲ್ಲ ಕಾಣ್ತಿದೆಯಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ, ಏನು ಕಾಣುತ್ತಿಲ್ಲ ಎಂದು ಕೇಳಿ ಅದನ್ನು ಸರಿಮಾಡಿದ ಮೇಲೆಯೇ ಕೀಲಿ ಕೈಗೆ ಕೊಡುವುದು.