ಹುಲಿಗವ್ವನ ಮಾತಿಗೆ ಕಿವಿಗೊಟ್ಟ ವಿಜ್ಞಾನಿ

ಕೊಪ್ಪಳ ಸೀಮೆಯಲ್ಲಿ ಜೀವರಸಾಯನಶಾಸ್ತ್ರವೆಂದರೆ ಮೊದಲು ನೆನಪಾಗುವ ಹೆಸರು ಡಾ. ರೇಣುಕಾದೇವಿಯವರದು. ೧೯೯೭ರಲ್ಲಿ ಕುಷ್ಟಗಿಯ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿ ಸೇವೆಗೆ ಸೇರಿದ ಅವರು, ಮುಂದೆ ಕೊಪ್ಪಳದ ಪೌಷ್ಟಿಕತೆ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗಾಲಯ ಕಟ್ಟಿ ಬೆಳೆಸಿ, ಈಗ ನಿವೃತ್ತರಾಗುತ್ತಿದ್ದಾರೆ. ಯಲಬುರ್ಗಾದಿಂದ ಬೆಳಗಿನ ಬಸ್ಸಿಗೆ ಏನೂ ತಿನ್ನದೆ ಕುಷ್ಟಗಿಯ ಆ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿನಿ ನಾನು. ಅದನ್ನು ಮುಖದಲ್ಲೇ ಓದಿ, ತರಗತಿಗೆ ಮೊದಲು ತಮ್ಮ ರೊಟ್ಟಿಯ ಗಂಟನ್ನು ನನ್ನ ಮುಂದೆ ಬಿಚ್ಚಿಟ್ಟವರು ಅವರು.

೨೦೧೨ರಲ್ಲಿ ಅವರು ಇರಕಲ್ಲಗಡದ ಕೂಲಿ ಹೆಣ್ಣುಮಕ್ಕಳ ಹಸಿವನ್ನು ಕುರಿತ ಅಧ್ಯಯನ ಕೈಗೊಂಡಾಗ ನಾನು ಅವರ ಬಳಿ ಪಿಎಚ್.ಡಿ. ಮಾಡುತ್ತಿದ್ದೆ. ಹೊಟ್ಟೆ ಬರಿದಾದಾಗ ಗ್ರೆಲಿನ್ ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಅದನ್ನು ಹಿಡಿದು ಬಣ್ಣದಲ್ಲಿ ತೋರಿಸಲು ಪ್ರತಿಕಾಯವೊಂದನ್ನು ತರಿಸಿದ್ದೆವು. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: ಉಂಡ ಮೇಲೂ ಮಟ್ಟ ಇಳಿದಿರಲಿಲ್ಲ! ಎರಡು ವರ್ಷದ ದುಡಿಮೆಯ ಲೇಖನ ಸಿದ್ಧವಾಯಿತು. ಕಳಿಸುವ ಮೊದಲು ರಕ್ತ ಕೊಟ್ಟವರಿಗೆ ವಿಷಯ ತಿಳಿಸಬೇಕೆಂಬುದು ಅವರ ನಿಯಮ.

ರಕ್ತ ಕೊಟ್ಟವರಲ್ಲೊಬ್ಬರಾದ ಹುಲಿಗವ್ವ ಕೇಳಿ ನಕ್ಕುಬಿಟ್ಟರು. “ಉಂಡ ಮ್ಯಾಗ ಹಸಿವು ಎಲ್ಲಿರತೈತ್ರಿ ಅಕ್ಕಾರ? ನಿಮ್ಮ ಔಷಧನ ಸುಳ್ಳು ಹೇಳಾಕತ್ತೈತಿ, ನೋಡ್ರಿ.”

ನಾವೂ ನಕ್ಕೆವು. ಮೇಡಂ ನಗಲಿಲ್ಲ. ಮರುದಿನ ಗ್ರೆಲಿನ್ ತೆಗೆದುಹಾಕಿದ ರಕ್ತದ್ರವಕ್ಕೆ ಅದೇ ಪ್ರತಿಕಾಯ ಹಾಕಿ ನೋಡಿದರು. ಅಲ್ಲೂ ಬಣ್ಣ ಬಂತು. ಪ್ರತಿಕಾಯ ಹಿಡಿಯುತ್ತಿದ್ದುದು ಇನ್ನೇನನ್ನೋ. ಆ ಪರೀಕ್ಷೆಯನ್ನು ಆರಂಭದಲ್ಲೇ ಮಾಡಬೇಕಾಗಿದ್ದವಳು ನಾನು, ಅವಸರದಲ್ಲಿ ಬಿಟ್ಟಿದ್ದೆ.

“ಯಾರಿಗೂ ಗೊತ್ತಾಗಂಗಿಲ್ರಿ ಮೇಡಂ,” ಎಂದೆ.

“ನಮಗ ಗೊತ್ತಾತಲ್ಲ, ಸುಕನ್ಯಾ.”

ಲೇಖನ ಹೋಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಬರೆದ ಪತ್ರದಲ್ಲಿ ತಪ್ಪು ತಮ್ಮದೆಂದು ಒಪ್ಪಿಕೊಂಡು, ನನಗೆ ಕಾಲಾವಕಾಶ ಕೇಳಿದರು. ಆ ವರ್ಷ ಅವರಿಗೆ ಬರಬೇಕಾಗಿದ್ದ ನಿರ್ದೇಶಕರ ಹುದ್ದೆ ಮತ್ತೊಬ್ಬರಿಗೆ ಹೋಯಿತು. ಅವರು ಮತ್ತೆ ಇರಕಲ್ಲಗಡದ ಬಸ್ಸು ಹತ್ತಿದರು.

“ಮತ್ತ ರಕ್ತ ಕೇಳಾಕ ಬಂದೀರೇನ್ರಿ?” ಮೊದಲು ರಕ್ತ ಕೊಟ್ಟಿದ್ದ ಇನ್ನೊಬ್ಬ ಕೂಲಿ ಹೆಣ್ಣುಮಗಳು ಮೆಹಬೂಬಬೀ ಸಿಟ್ಟಾಗಿದ್ದರು.

“ಹೌದ್ರಿ. ತಪ್ಪು ನಮ್ಮದೈತಿ. ನೀವು ಒಲ್ಲೆ ಅಂದ್ರ ಹೊಳ್ಳಿ ಹೋಗ್ತೀವಿ,” ಎಂದರು ಮೇಡಂ.

ಕಡೆಗೆ ಹುಲಿಗವ್ವ ಬಳೆ ಮೇಲೆ ಸರಿಸಿ ಕೈ ಚಾಚಿದರು. “ನಾ ಹೇಳಿದ್ದ ಖರೇ ಆತಲ್ಲ? ತಗೋರಿ.” ಗೊಣಗುತ್ತಲೇ ಮೆಹಬೂಬಬೀ ಅವರ ಹಿಂದೆ ಕುಳಿತರು.

ತರಿಸಿದ ಎರಡು ಪ್ರತಿಕಾಯಗಳನ್ನು ಮೇಡಂ ತಿರಸ್ಕರಿಸಿದರು; ಮೂರನೆಯದು ಪರೀಕ್ಷೆಯಲ್ಲಿ ನಿಂತಿತು. ಉಂಡ ಮೇಲೆ ಗ್ರೆಲಿನ್ ಇಳಿದಿತ್ತು. ಬೆಳಗಿನ ಊಟ ತಪ್ಪಿಸಿ ಹೊಲಕ್ಕೆ ಹೋದವರಲ್ಲಿ ಮಾತ್ರ ನಡುಮಧ್ಯಾಹ್ನದವರೆಗೂ ಏರಿಯೇ ಇತ್ತು. ಬೆರಗೇನೂ ಇಲ್ಲದ, ಆದರೆ ನಿಜವಾದ ಫಲಿತಾಂಶ. ೨೦೧೬ರಲ್ಲಿ ಅಚ್ಚಾದ ಆ ಲೇಖನದ ಕೃತಜ್ಞತೆಯಲ್ಲಿ ಮೊದಲ ಹೆಸರು ಹುಲಿಗವ್ವನವರದು.

ಇನ್ನು ಗಂಗಾವತಿಯ ತಮ್ಮ ಮನೆಯಲ್ಲಿ ವಿಶ್ರಾಂತಿ ಪಡೆಯಿರೆಂದು ಮೇಡಂಗೆ ಹೇಳುವ ಧೈರ್ಯ ನಮಗಾರಿಗೂ ಇಲ್ಲ. ಸೋಮವಾರದಿಂದ ಹೊಸ ವಿದ್ಯಾರ್ಥಿಗಳ ಪ್ರಯೋಗಗಳನ್ನು ನೋಡಲು ಬರುವುದಾಗಿ ಅವರೇ ತಿಳಿಸಿದ್ದಾರೆ. ಆಯುರಾರೋಗ್ಯ ಅವರಿಗೆ ತುಂಬಿ ಬರಲಿ, ನಮ್ಮ ತಪ್ಪುಗಳನ್ನು ಇನ್ನೂ ಬಹುಕಾಲ ಅವರು ಹಿಡಿಯುತ್ತಿರಲಿ.