ಅಕ್ಕನ ರಕ್ತದ ಗುಂಪು

ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ಒಂದಿಷ್ಟು ರಕ್ತ ಬಂತು. ಬ್ರಷ್ಷು ಹೊಸದು, ಒರಟಾಗಿತ್ತು, ಅಷ್ಟೇ. ಆದರೂ ಬೇಸಿನ್ ಮುಂದೆ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಅಕ್ಕನ ಕಾಯಿಲೆ ಶುರುವಾದದ್ದೂ ಹೀಗೆಯೇ.

ಅಕ್ಕ ಭದ್ರಾವತಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಎರಡು ವರ್ಷದ ಹಿಂದೆ ಅವಳ ಒಸಡಿನ ರಕ್ತ ನಿಲ್ಲಲಿಲ್ಲ. ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆಗಳೆದ್ದವು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮೂಳೆಯೊಳಗಿನ ಮಜ್ಜೆ ರಕ್ತಕಣ ಮಾಡುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿದೆ ಎಂದರು ಡಾಕ್ಟರು. ಬೇರೆಯವರ ಮಜ್ಜೆ ಹಾಕಬೇಕು; ಅದಕ್ಕೆ ಒಡಹುಟ್ಟಿದವರ ಮಜ್ಜೆ ಹೊಂದಬೇಕಿತ್ತು. ಅವಳಿಗೆ ಇದ್ದವನು ನಾನೊಬ್ಬನೇ. ಹೊಂದಿತು.

ನನ್ನ ಧೈರ್ಯದ ಬಗ್ಗೆ ನಿಮಗೆ ಹೇಳಿಬಿಡಬೇಕು. ಶಿವಮೊಗ್ಗದ ಹೊಸಮನೆಯಲ್ಲಿ ಕನ್ನಡಕದ ಅಂಗಡಿ ನನ್ನದು; ಸೂಜಿ ಕಂಡರೆ ಮಾತ್ರ ನನ್ನ ಕಣ್ಣೇ ಕತ್ತಲಿಡುತ್ತದೆ. ಪರೀಕ್ಷೆಗೆ ರಕ್ತ ಕೊಟ್ಟ ದಿನವೇ ನರ್ಸಮ್ಮನ ಮೇಲೆ ಒರಗಿಬಿಟ್ಟಿದ್ದೆ. ಇನ್ನು ಮಜ್ಜೆ ತೆಗೆಯಲು ಸೊಂಟದ ಮೂಳೆಗೆ ಸೂಜಿ ಎಂದರೆ! ಒಪ್ಪಿಗೆ ಹೇಳಬೇಕಿದ್ದ ದಿನ ಫೋನ್ ಆಫ್ ಮಾಡಿ, ಸ್ಕೂಟರ್ ಹತ್ತಿ ನವುಲೆಗೆ ಹೋಗಿ, ಕೃಷಿ ಕಾಲೇಜಿನ ಎದುರು ಎರಡು ಗಂಟೆ ಸುಮ್ಮನೆ ಕೂತಿದ್ದೆ. ಹೇಳಲು ಈಗಲೂ ನಾಚಿಕೆ.

ಸಂಜೆ ಆಸ್ಪತ್ರೆಗೆ ಹೋದಾಗ ಅಕ್ಕ ಎಲ್ಲಿದ್ದೆ ಎಂದು ಕೇಳಲಿಲ್ಲ. ಮಲಗಿದಲ್ಲೇ ಪಾಠ ಶುರುಮಾಡಿದಳು. ಕೆಂಪು ಕಣ, ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟು, ಎಲ್ಲವೂ ಮಜ್ಜೆಯ ಒಂದೇ ಬಗೆಯ ತಾಯಿಕಣದಿಂದ ಹುಟ್ಟುತ್ತವಂತೆ. ಅದು ಒಡೆದು, ಕವಲಾಗಿ, ಒಂದೊಂದು ಕವಲು ಒಂದೊಂದು ಕೆಲಸ ಕಲಿಯುತ್ತದೆ. ಕೆಂಪು ಕಣವಂತೂ ಬಲಿಯುವಾಗ ತನ್ನ ನಡುವಿನ ಕೇಂದ್ರವನ್ನೇ ಹೊರಹಾಕಿ, ಆಮ್ಲಜನಕ ಹೊರಲು ಜಾಗ ಮಾಡಿಕೊಳ್ಳುತ್ತದೆ. ನಾಲ್ಕು ತಿಂಗಳು ದುಡಿದು ಮುಗಿಯುತ್ತದೆ. ನಾನು ಕೊಟ್ಟಷ್ಟು ಮಜ್ಜೆ ನನ್ನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಇಷ್ಟು ಹೇಳುವಷ್ಟರಲ್ಲಿ ಸುಸ್ತಾಗಿ ಕಣ್ಣು ಮುಚ್ಚಿದಳು.

"ಹೆದರಿಕೆ ಆದ್ರೆ ಬೇಡ ಅನ್ನು ಮಾರಾಯ. ನಾನೇನು ಬೇಜಾರು ಮಾಡ್ಕೊಳಲ್ಲ."

ನನಗೆ ಅಳು ಬಂತು. ಹೊರಗೆ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.

ಬೆಂಗಳೂರಿನಲ್ಲಿ ಅರಿವಳಿಕೆ ಕೊಟ್ಟು ಮಜ್ಜೆ ತೆಗೆದರು. ಆಗ ಏನೂ ತಿಳಿಯಲಿಲ್ಲ. ಆಮೇಲೆ ವಾರವಿಡೀ ಸೊಂಟ ಹಿಡಿದುಕೊಂಡು ಓಡಾಡಿದೆ. ತೆಗೆದ ಮಜ್ಜೆಯನ್ನು ಅವತ್ತೇ ಅಕ್ಕನ ರಕ್ತನಾಳಕ್ಕೆ ಡ್ರಿಪ್ಪಿನಲ್ಲಿ ಹನಿಸಿದ್ದರು. ಕಣಗಳು ತಾವೇ ದಾರಿ ಹುಡುಕಿಕೊಂಡು ಅವಳ ಮೂಳೆ ಸೇರಿದವು. ಮೂರನೆಯ ವಾರ ಬಿಳಿ ಕಣಗಳು ಏರತೊಡಗಿದವು, ಉಳಿದವು ನಿಧಾನವಾಗಿ. ಬಿ ಗುಂಪಿನ ಅಕ್ಕ ಕೆಲವು ತಿಂಗಳು ಕಳೆಯುವಷ್ಟರಲ್ಲಿ ನನ್ನ ಹಾಗೆ ಓ ಗುಂಪಿನವಳಾಗಿದ್ದಳು.

ಈ ಮಧ್ಯಾಹ್ನ ಬಸ್ಸು ಹತ್ತಿ ಅವಳ ಶಾಲೆಗೆ ಹೋದೆ. ಹತ್ತನೇ ತರಗತಿಗೆ ರಕ್ತದ ಪಾಠ ನಡೆದಿತ್ತು. ಅಕ್ಕ ನನ್ನನ್ನು ಮಕ್ಕಳ ಮುಂದೆ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದಳು, ನವುಲೆಯ ಎರಡು ಗಂಟೆಯೊಂದನ್ನು ಬಿಟ್ಟು. ಅದನ್ನು ನಾನೇ ಸೇರಿಸಿದೆ. ಮಕ್ಕಳು ನಕ್ಕರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನೋವಾಯಿತೇ ಎಂದು ಕೇಳಿದಳು.

"ಆಯ್ತಮ್ಮ," ಎಂದೆ. "ಮತ್ತೆ ಕರೆದ್ರೆ ಹೋಗ್ತೀನಿ."