ಅಮ್ಮ ಎತ್ತಿದ ಒಂದೇ ಬಾವುಟ

ಸ್ವಲ್ಪ ತಾಳಿ, ಒಂದು ಸದ್ದು ಬರಲಿಕ್ಕಿದೆ, ಕಿವಿಗೊಟ್ಟು ಕಾಯುತ್ತಿರಿ. ದೊಡ್ಡದೇನಲ್ಲ. ತೊಗಲಿನ ಚೆಂಡು ಕಬ್ಬಿಣದ ಕಂಬವನ್ನು ಸವರಿಕೊಂಡು ಹೋದಾಗ ಬರುವ ಟಿಣ್. ಸ್ಟೀಲ್ ಲೋಟಕ್ಕೆ ಬಳೆ ತಾಗಿದಷ್ಟೇ. ಹೋದ ತಿಂಗಳು ಅಬುಧಾಬಿ ಕಡೆಯ ರುವೈಸಿನ ಮೈದಾನದಲ್ಲಿ ಅದನ್ನು ಮತ್ತೆ ಕೇಳಿದೆ ನೋಡಿ, ಮೈಯೆಲ್ಲ ಉರಿದುಹೋಯಿತು.

ನಾನು ಬೆಳೆದದ್ದು ಅಲ್ಲೇ, ಕಂಪನಿ ಕೊಟ್ಟ ಮನೆಯಲ್ಲಿ. ಅಪ್ಪ ರಿಫೈನರಿಯ ಲ್ಯಾಬಿನಲ್ಲಿದ್ದರು. ಅಮ್ಮ ಶಾರದಾ, ಮೈಸೂರಿನವಳು, ಒಗ್ಗರಣೆ ಹಾಕುತ್ತ ಅಡುಗೆಮನೆ ಕಿಟಕಿಯಿಂದ ಎದುರಿನ ಮೈದಾನವನ್ನೇ ನೋಡುತ್ತಿದ್ದಳು. ಇಂಗಿನ ವಾಸನೆ, ಎಸಿಯ ಗೊರಗೊರ, ಕಿಟಕಿಯ ಸಂದಿಯಲ್ಲಿ ಪುಡಿಮರಳು, ಇಷ್ಟು ಸೇರಿದರೆ ನನಗೆ ಮನೆ. ಗೋಡೆಯಾಚೆ ಉಡುಪಿ ಕಡೆಯ ಲಾರೆನ್ಸ್ ಅಂಕಲ್. ಅವರ ಮನೆಯ ಕೊಂಕಣಿ ಜಗಳ ನಮಗೆ ಕೇಳುತ್ತಿತ್ತು, ನಮ್ಮ ಕುಕ್ಕರ್ ಅವರಿಗೆ. ಯುಗಾದಿಗೆ ಇಲ್ಲಿಂದ ಹೋಳಿಗೆ ಹೋಗುತ್ತಿತ್ತು. ಕ್ರಿಸ್ಮಸ್‌ಗೆ ಅಲ್ಲಿಂದ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ತಟ್ಟೆ ಬರುತ್ತಿತ್ತು, ಅದರಲ್ಲಿದ್ದ ನೆವ್ರಿ ಎಂಬ ಸಿಹಿ ಕರಿಗಡುಬಿಗಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಆ ಮೈದಾನದಲ್ಲಿ ಆಸ್ಟ್ರೇಲಿಯಾದ ಎಂಜಿನಿಯರುಗಳು ತಮ್ಮೂರಿನ ಫುಟ್ಬಾಲ್ ಕ್ಲಬ್ಬೊಂದನ್ನು ಕಟ್ಟಿದ್ದರು. ಮೊಟ್ಟೆಯಾಕಾರದ ಚೆಂಡು, ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಒಂದೊಂದು ತುದಿಯಲ್ಲಿ ನಾಲ್ಕು ಕಂಬ, ಬಲೆಯಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ನೇರ ದಾಟಿದರೆ ಆರು ಅಂಕ, ಬಿಳಿ ಕೋಟಿನ ಗೋಲ್ ಅಂಪೈರ್ ಎರಡು ಬಾವುಟ ಬೀಸಬೇಕು. ಹೋಗುವಾಗ ಕಂಬಕ್ಕೆ ತಗುಲಿದರೆ ಒಂದೇ ಅಂಕ, ಒಂದೇ ಬಾವುಟ. ಎಂಜಿನಿಯರುಗಳು ಕಾಂಟ್ರ್ಯಾಕ್ಟ್ ಮುಗಿಸಿ ಒಬ್ಬೊಬ್ಬರಾಗಿ ಹೋದರು. ಆಟದ ಹುಚ್ಚು ಹಿಡಿಸಿಕೊಂಡಿದ್ದ ಲಾರೆನ್ಸ್ ಅಂಕಲ್ ವಾಲಿಬಾಲ್ ಹುಡುಗರನ್ನು ಎಳೆದು ತಂದು ತಂಡ ಮಾಡಿದರು, ಮುರಿದ ಕಂಬಗಳನ್ನು ತಾವೇ ವೆಲ್ಡಿಂಗ್ ಮಾಡಿ ನಿಲ್ಲಿಸಿದರು. ಆದರೆ ಬಾವುಟ ಕೊಟ್ಟದ್ದು ತಮ್ಮ ಭಾವನ ಕೈಗೆ. ಆತ ನಮ್ಮವರು ಒದ್ದ ಚೆಂಡು ಎಲ್ಲಿಗೆ ಹೋದರೂ ಎರಡೆರಡು ಬೀಸುತ್ತಿದ್ದ. ದುಬೈ, ಅಬುಧಾಬಿಯ ತಂಡಗಳು ಮುಖ ತಿರುಗಿಸಿದವು. ಅಷ್ಟು ದೂರ ಬಂದು ಮೋಸ ಹೋಗಲು ಯಾರಿಗೆ ಬೇಕು? ಹೊರಗಿನ ತಂಡ ಬರದಿದ್ದರೆ ಈ ಚಳಿಗಾಲಕ್ಕೆ ಮೈದಾನ ಕ್ರಿಕೆಟಿನವರಿಗೆ, ಖಲಾಸ್ ಅಂತ ಕಂಪನಿ ಹೇಳಿಬಿಟ್ಟಿತು. ಅಂಕಲ್ ಕಾಡಿ ಬೇಡಿ ದುಬೈ ತಂಡವೊಂದನ್ನು ಒಪ್ಪಿಸಿದರು. ಅವರದ್ದು ಒಂದೇ ಷರತ್ತು, ಬಾವುಟ ಆಟಗಾರರ ನೆಂಟರ ಕೈಯಲ್ಲಿ ಇರಬಾರದು.

“ಶಾರದಕ್ಕ, ದಿನಾ ಕಿಟಕಿಯಿಂದ ನೋಡ್ತೀರಲ್ಲ, ನೀವೇ ನಿಲ್ಲಿ ಮಾರಾಯ್ರೆ. ಎರಡು ಕಣ್ಣುಂಟಲ್ಲ, ಸಾಕು,” ಎಂದರು ಬಾಗಿಲಲ್ಲಿ ನಿಂತು.

“ಕಿವೀನೂ ಇದೆ,” ಎಂದಳು ಅಮ್ಮ.

ದಿಂಬಿನ ಬಿಳಿ ಕವರು ಕತ್ತರಿಸಿ, ಮನೆಯಲ್ಲಿದ್ದ ನೀಲಿ ದಾರದಲ್ಲೇ ಅಂಚು ಹೊಲಿದು ಎರಡು ಬಾವುಟ ಮಾಡಿದಳು. ಅಪ್ಪನ ಹಳೆಯ ಲ್ಯಾಬ್ ಕೋಟು ತೊಟ್ಟು ಕಂಬದ ಬುಡದಲ್ಲಿ ನಿಂತಳು. ಆಟದ ಕೊನೆಗೆ ಒಂದು ಗೋಲು ಸಿಕ್ಕರೆ ನಮ್ಮವರು ಗೆದ್ದಂತೆ. ಲಾರೆನ್ಸ್ ಅಂಕಲ್ಲೇ ಒದ್ದರು. ಚೆಂಡು ನಡುವೆಯೇ ಹೋಯಿತು, ಕಾಲೊನಿಯಿಡೀ ಎದ್ದು ಕುಣಿಯಿತು. ಅಮ್ಮನ ಪಕ್ಕದಲ್ಲೇ ಕೂತಿದ್ದ ನನಗೂ ಕೇಳಿಸಿತ್ತು, ಟಿಣ್. ಅಮ್ಮ ಒಂದೇ ಬಾವುಟ ಎತ್ತಿದಳು.

ಅಂಕಲ್ ಓಡಿ ಬಂದರು, ಮುಖ ಕೆಂಡ. “ಎಂತ ಶಾರದಕ್ಕ! ನೀವು ಯಾರ ಕಡೆ?”

“ಕಂಬದ ಕಡೆ. ತಗುಲ್ತು, ಕೇಳಿಸ್ತು.”

ಸೋತೆವು. ದುಬೈ ತಂಡದ ನಾಯಕ ಅಮ್ಮನ ಕೈ ಕುಲುಕಿ, ಈ ಬಾವುಟ ಇದ್ದರೆ ಮುಂದಿನ ವರ್ಷವೂ ಬರುತ್ತೇವೆ ಎಂದ. ಮಾತು ಉಳಿಸಿಕೊಂಡರು, ಅವರ ಹಿಂದೆ ಬೇರೆ ತಂಡಗಳೂ ಬಂದವು. ಮೈದಾನ ಉಳಿಯಿತು, ಕ್ಲಬ್ ಚಿಗುರಿತು. ನಮ್ಮ ಮನೆಗೆ ಮಾತ್ರ ಯಾರೂ ಬರಲಿಲ್ಲ. ಹೊರಗಿನವರಿಗೆ ಅಮ್ಮನೇ ಬಾವುಟ ಹಿಡಿಯಬೇಕಿತ್ತು. ಹಾಗಾಗಿ ಆಟದ ದಿನ ಕರೆಯುತ್ತಿದ್ದರು, ಮುಗಿದ ಮೇಲೆ ಒಂದು ಲೋಟ ನೀರೂ ಕೊಡುತ್ತಿರಲಿಲ್ಲ. ಲಿಫ್ಟಿನಲ್ಲಿ ಅವಳನ್ನು ಕಂಡರೆ ಹೆಂಗಸರು ಮೊಬೈಲ್ ತೆಗೆಯುತ್ತಿದ್ದರು. ಆ ಕ್ರಿಸ್ಮಸ್‌ಗೆ ತಟ್ಟೆ ಬರಲಿಲ್ಲ. ಗೋಡೆಯಾಚೆ ನೆವ್ರಿ ಕರಿಯುವ ವಾಸನೆ ಬರುತ್ತಿತ್ತು. ಅಮ್ಮ ಕಿಟಕಿ ಮುಚ್ಚಿದಳು. ಅದೇ ಕಿಟಕಿ. ಅಪ್ಪನ ಕೆಲಸ ಮುಗಿದು ಮೈಸೂರಿಗೆ ಹೊರಟಾಗ ಬಾವುಟಗಳನ್ನು ಕ್ಲಬ್ಬಿನ ಬಾಗಿಲಿಗೆ ಸಿಕ್ಕಿಸಿ ಬಂದಳು. ಈಗ ಅವಳಿಲ್ಲ.

ನಾನು ದುಬೈಗೆ ಕೆಲಸಕ್ಕೆ ಬಂದೆ. ಹೋದ ತಿಂಗಳು ಕ್ಲಬ್ಬಿನ ಹಬ್ಬ ಅಂತ ರುವೈಸಿಗೆ ಹೋದೆ. ‘ನಮ್ಮ ಒಗ್ಗಟ್ಟೇ ಕ್ಲಬ್ಬನ್ನು ಉಳಿಸಿತು’ ಎಂಬ ಬ್ಯಾನರ್. ಒಗ್ಗಟ್ಟಂತೆ! ಮೈಕಿನಲ್ಲಿ ಯಾರ್ಯಾರದೋ ಹೆಸರು ಬಂತು, ಅಮ್ಮನದು ಬರಲಿಲ್ಲ. ಆಟ ಶುರುವಾಯಿತು. ನಮ್ಮವನೊಬ್ಬ ಒದ್ದ ಚೆಂಡು, ಟಿಣ್. ಗೋಲ್ ಅಂಪೈರ್ ಹುಡುಗ ನಗುತ್ತ ಎರಡು ಬಾವುಟ ಬೀಸಿದ. ಮಾಸಿದ ಬಟ್ಟೆ, ನೀಲಿ ದಾರದ ಅಂಚು.

“ತಗುಲ್ತು!” ಅಂತ ಕಿರುಚಿದೆ. ಯಾರೂ ತಿರುಗಲಿಲ್ಲ. ಪಕ್ಕದ ಕುರ್ಚಿಯಿಂದ ತಲೆ ನರೆತ ಲಾರೆನ್ಸ್ ಅಂಕಲ್ ಗುರುತು ಹಿಡಿದು ನಕ್ಕರು. “ಶಾರದಕ್ಕನ ಮಗಳಲ್ವ ನೀನು? ಬಿಡು ಮಾರಾಯ್ತಿ, ಆಟ ಅಲ್ವ?”

“ಅವತ್ತು ಆಟ ಆಗಿರಲಿಲ್ವಾ ಅಂಕಲ್?”

ಅವರ ನಗು ನಿಂತಿತು. ನಾನು ಎದ್ದು ಕಂಬದ ಬುಡಕ್ಕೆ ನಡೆದೆ. ಹುಡುಗನ ಕೈಯಿಂದ ಎರಡೂ ಬಾವುಟ ಕಿತ್ತುಕೊಂಡು ಬಂದೆ. ಇಷ್ಟು ಬರೆಯುವಾಗ ಅವು ನನ್ನ ತೊಡೆಯ ಮೇಲಿವೆ. ಮೂಗಿಗೆ ಹಿಡಿದು ನೋಡಿದೆ, ಇಂಗಿನ ವಾಸನೆ ಇಲ್ಲ, ಬರೀ ಮರಳಿನದು. ನಿಮ್ಮ ಮನೆಯಲ್ಲೂ ಹೀಗೆ ಕಂಡದ್ದನ್ನು ಕಂಡಂತೆ ಹೇಳಿ ಒಂಟಿಯಾದವರು ಯಾರಾದರೂ ಇದ್ದರಾ? ಇದ್ದರೆ ಕೆಳಗೆ ಬರೆಯಿರಿ, ಅವರ ಹೆಸರಿನ ಸಮೇತ. ಇಲ್ಲಿಯಾದರೂ ಅವರ ಹೆಸರು ಬರಲಿ.